ಸ್ಪಷ್ಟನೆ: ಮಗುವಿನ ಮಲ ಬೆಳ್ಳಗಿದ್ದರೆ ಮೂರು ತಿಂಗಳು ಕಾಯಬೇಡಿ

ಮುಂಬೈ, ಪುಣೆಯ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: ‘ಹಲವು ದೇಶಗಳ ವೈದ್ಯರು ಸೇರಿ ಔಷಧಿ ಕಂಡುಹಿಡಿದಿದ್ದಾರೆ. ಪಿತ್ತನಾಳ ಮುಚ್ಚಿದ ಮಗುವಿಗೆ ಆಪರೇಷನ್ ಬೇಡ, ಮೂರು ತಿಂಗಳು ಎಳೆಬಿಸಿಲು ತೋರಿಸಿ ಕಾಯಿರಿ.’ ಇದು ತಪ್ಪು.

ಔಷಧಿ ಇರುವುದು ನಿಜ. ಮಾರಾಲಿಕ್ಸಿಬ್ಯಾಟ್‌ಗೆ ಅಮೆರಿಕದಲ್ಲಿ 2021ರಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ಅದು ಅಲಾಜಿಲ್ ಸಿಂಡ್ರೋಮ್ ಎಂಬ ಬೇರೆಯೇ ಕಾಯಿಲೆಯ ತುರಿಕೆಗೆ. ಇಂಥ ಕಾಯಿಲೆಗಳು ಅಪರೂಪ. ಒಂದೇ ಆಸ್ಪತ್ರೆಯಲ್ಲಿ ಸಾಕಷ್ಟು ಮಕ್ಕಳು ಸಿಗುವುದಿಲ್ಲ, ಅದಕ್ಕೇ ಹಲವು ದೇಶಗಳ ತಜ್ಞರು ಒಟ್ಟಾಗಿ ಅಧ್ಯಯನ ಮಾಡುತ್ತಾರೆ. ಆದರೆ ಮಾರಾಲಿಕ್ಸಿಬ್ಯಾಟ್ ಮುಚ್ಚಿದ ನಾಳವನ್ನು ತೆರೆಯುವ ಔಷಧಿಯಲ್ಲ.

ಪಿತ್ತನಾಳ ಮುಚ್ಚುವ ಕಾಯಿಲೆಗೆ ಬಿಲಿಯರಿ ಅಟ್ರೇಸಿಯಾ ಎನ್ನುತ್ತಾರೆ. ಅದರಲ್ಲಿ ಪಿತ್ತ ಹೊರಹೋಗಲಾಗದೆ ಯಕೃತ್ತು ದಿನದಿನಕ್ಕೂ ಗಟ್ಟಿಯಾಗುತ್ತದೆ. ಬಿಸಿಲು ಇಲ್ಲಿ ಏನೂ ಮಾಡದು. ಜಪಾನಿನ ಮೊರಿಯೊ ಕಸಾಯಿ ರೂಪಿಸಿದ ಶಸ್ತ್ರಚಿಕಿತ್ಸೆಯಲ್ಲಿ ಕೆಟ್ಟ ನಾಳ ತೆಗೆದು, ಸಣ್ಣ ಕರುಳಿನ ತುಂಡನ್ನು ಯಕೃತ್ತಿಗೇ ಜೋಡಿಸುತ್ತಾರೆ. 60 ದಿನದೊಳಗೆ ಆದರೆ ಪಿತ್ತ ಹರಿಯುವ ಸಾಧ್ಯತೆ ಹೆಚ್ಚು. ಆಮೇಲೂ ಹಲವು ಮಕ್ಕಳಿಗೆ ಯಕೃತ್ ಕಸಿ ಬೇಕಾಗುತ್ತದೆ, ನಿಜ. ಆದರೂ ಕಾಯುವುದು ದಾರಿಯಲ್ಲ.

ಹುಟ್ಟಿ 14 ದಿನ ಕಳೆದರೂ ಕಾಮಾಲೆ ಉಳಿದಿದ್ದರೆ ರಕ್ತಪರೀಕ್ಷೆಯಲ್ಲಿ ಒಟ್ಟು ಬಿಲಿರುಬಿನ್ (ಕಾಮಾಲೆಯ ಹಳದಿಗೆ ಕಾರಣವಾದ ವಸ್ತು) ಜೊತೆಗೆ ‘ಡೈರೆಕ್ಟ್’ ಬಿಲಿರುಬಿನ್ ಕೂಡ ಬರೆಸಿಕೊಳ್ಳಿ. ಡೈರೆಕ್ಟ್ ಡೆಸಿಲೀಟರಿಗೆ 1 ಮಿ.ಗ್ರಾಂ ದಾಟಿದ್ದರೆ ಅದೇ ವಾರ ಮಕ್ಕಳ ಯಕೃತ್ ತಜ್ಞರಿಗೆ ತೋರಿಸಿ. ಮಲ ಸುಣ್ಣದಂತೆ ಬೆಳ್ಳಗಿದ್ದರೆ, ಮೂತ್ರ ಬಟ್ಟೆಗೆ ಹಳದಿ ಕಲೆ ಮಾಡಿದರೆ, ಮಗು ಚೆನ್ನಾಗಿ ಹಾಲು ಕುಡಿಯುತ್ತಿದ್ದರೂ ತಡಮಾಡಬೇಡಿ. ಮಲದ ಫೋಟೊವನ್ನು ಹಗಲ ಬೆಳಕಿನಲ್ಲೇ ತೆಗೆಯಿರಿ. ಹಳದಿ ಬಲ್ಬಿನಡಿ ಬಣ್ಣ ಮೋಸಮಾಡುತ್ತದೆ. ವಿಟಮಿನ್ ಕೆ ಬಗ್ಗೆಯೂ ಕೇಳಿ, ಪಿತ್ತವಿಲ್ಲದೆ ಅದು ಮೈಗೆ ಹತ್ತದೆ ರಕ್ತಸ್ರಾವವಾಗಬಹುದು.

ದಯವಿಟ್ಟು ಆ ಸಂದೇಶವನ್ನು ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.