ಯಾವ ಯಂತ್ರದಲ್ಲಿ ಆಡಿದಿರಿ ಎಂಬುದನ್ನು ಮೊದಲು ಹೇಳಿ

ನಿನ್ನೆ ರಾತ್ರಿ ವಿಡಿಯೊ ಗೇಮ್‌ಗಳ ಒಂದು ವಿಮರ್ಶೆಯನ್ನು ನೋಡಿದಾಗಿನಿಂದ ಮನಸ್ಸು ಕುದಿಯುತ್ತಿದೆ. ಆಟಕ್ಕೆಂದೇ ಮಾಡಿದ ಯಂತ್ರವಾದ ಕನ್ಸೋಲಿಗೆಂದು ತಯಾರಾಗಿ ಈಗ ಕಂಪ್ಯೂಟರಿಗೆ ಪೋರ್ಟ್ ಆಗಿ, ಅಂದರೆ ಅದಕ್ಕೆ ಹೊಂದಿಸಿದ ಆವೃತ್ತಿಯಾಗಿ, ಬಂದ ದೊಡ್ಡ ಆಟವೊಂದಕ್ಕೆ ಹತ್ತಕ್ಕೆ ಒಂಬತ್ತು ಅಂಕ ಕೊಟ್ಟ ವಿಮರ್ಶಕರು, ಅದರ ಬೆನ್ನಿಗೇ ಪುಟ್ಟ ತಂಡವೊಂದು ಸ್ವತಂತ್ರವಾಗಿ ಮಾಡಿದ ಒಂದು ಸಣ್ಣ ಇಂಡೀ ಆಟವನ್ನು "ಎರಡು ತಾಸಿನಲ್ಲಿ ಮುಗಿಯುತ್ತದೆ, ದುಡ್ಡು ದಂಡ" ಎಂದು ತಳ್ಳಿಹಾಕಿದರು. ಹದಿನೆಂಟು ನಿಮಿಷದ ಆ ವಿಡಿಯೊದಲ್ಲಿ ಆಟವನ್ನು ಯಾವ ಯಂತ್ರದಲ್ಲಿ ಆಡಿದರು, ಎಷ್ಟು ತಾಸು ಆಡಿದರು ಎಂಬುದು ಒಮ್ಮೆಯೂ ಬರಲಿಲ್ಲ.

ನನಗೆ ಇದು ಇಷ್ಟು ನಾಟಿದ್ದಕ್ಕೆ ಕಾರಣವಿದೆ. ಇಲ್ಲಿ ಪುಣೆಯ ಸಿಂಹಗಡ ರಸ್ತೆಯಲ್ಲಿರುವ ನಮ್ಮ ಅಣ್ಣನ ಮಗ ಇದೇ ವಿಮರ್ಶೆಯನ್ನು ನಂಬಿ, ದೀಪಾವಳಿಗೆ ಅಜ್ಜಿ ಕೊಟ್ಟ ಹಣಕ್ಕೆ ತನ್ನ ಉಳಿತಾಯವನ್ನೂ ಸೇರಿಸಿ, ಮೂರು ಸಾವಿರ ರೂಪಾಯಿ ಕೊಟ್ಟು ಆ ಪೋರ್ಟ್ ಕೊಂಡಿದ್ದ. ಕಳೆದ ಭಾನುವಾರ ನಾನು ಕೋಥರೂಡಿನಿಂದ ಅವರ ಮನೆಗೆ ಹೋದಾಗ, ಜಿಟಿಎಕ್ಸ್ 1650 ಎಂಬ ಗ್ರಾಫಿಕ್ಸ್ ಕಾರ್ಡು ಇರುವ ಲ್ಯಾಪ್‌ಟಾಪಿನ ಮುಂದೆ ಅವನು ಸುಮ್ಮನೆ ಕುಳಿತಿದ್ದ. "ಕಾಕಾ, ನಲವತ್ತು ನಿಮಿಷ ಆತು, ಇನ್ನೂ ಶೇಡರ್ ಬಿಲ್ಡಿಂಗ್ ಅಂತನೇ ತೋರಸ್ಲಿಕತ್ತದ" ಎಂದ. ಶೇಡರ್ ಎಂದರೆ ಪರದೆಯ ಮೇಲೆ ಬೆಳಕು, ಬಣ್ಣ ಮೂಡಿಸುವ ಸಣ್ಣ ಪ್ರೋಗ್ರಾಂ; ಅವು ಆಯಾ ಯಂತ್ರಕ್ಕೆ ತಕ್ಕಂತೆ ಸಿದ್ಧವಾಗಬೇಕು. ಫ್ಯಾನು ಮಿಕ್ಸರಿನಂತೆ ಕೂಗುತ್ತಿತ್ತು, ಕೀಬೋರ್ಡಿನ ಮೇಲೆ ಕೈಯಿಡಲು ಆಗದಷ್ಟು ಬಿಸಿ. ಕೊನೆಗೂ ಆಟ ತೆರೆದುಕೊಂಡಿತು, ಮೊದಲ ದೃಶ್ಯದಲ್ಲೇ ಎರಡು ಸಲ ನಿಂತುಹೋಯಿತು. ಸೆಟ್ಟಿಂಗ್‌ಗಳನ್ನು ಇಳಿಸುತ್ತ, ಮತ್ತೆ ಮತ್ತೆ ಶುರು ಮಾಡುತ್ತ ಕುಳಿತವನು ಗಡಿಯಾರದ ಕಡೆ ನೋಡುವಷ್ಟರಲ್ಲಿ ಹಣ ಹಿಂಪಡೆಯಲು ಇರುವ ಆಡಿದ ತಾಸುಗಳ ಮಿತಿಯೂ ಮೀರಿತ್ತು, ಏಕೆಂದರೆ ಶೇಡರ್‌ಗಾಗಿ ಕಾದ ಹೊತ್ತೂ ಆಡಿದ ಹೊತ್ತೆಂದೇ ಲೆಕ್ಕವಾಗಿತ್ತು. ಅವನು ಅಳಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿಟ್ಟು, ಅಜ್ಜಿಗೆ ಹೇಳಬೇಡ ಎಂದಷ್ಟೇ ಕೇಳಿಕೊಂಡ.

ಪೋರ್ಟ್‌ನ ವಿಷಯದಲ್ಲಿ ಯಂತ್ರ ಯಾವುದೆಂಬುದು ವಿಮರ್ಶೆಯ ಅರ್ಧ ಭಾಗ. ಕನ್ಸೋಲಿನ ಒಂದು ಮಾದರಿಯಲ್ಲಿ ಗ್ರಾಫಿಕ್ಸ್ ಚಿಪ್ ಎಲ್ಲರಿಗೂ ಒಂದೇ ಆದ್ದರಿಂದ ಶೇಡರ್‌ಗಳನ್ನು ಮೊದಲೇ ಸಿದ್ಧಮಾಡಿ ಕಳುಹಿಸಬಹುದು. ಕಂಪ್ಯೂಟರಿನಲ್ಲಿ ಕಾರ್ಡು, ಅದನ್ನು ನಡೆಸುವ ಡ್ರೈವರ್ ಎಂಬ ಸಾಫ್ಟ್‌ವೇರ್ ಒಬ್ಬರದ್ದು ಇದ್ದಂತೆ ಇನ್ನೊಬ್ಬರದ್ದಿರುವುದಿಲ್ಲವಾದ್ದರಿಂದ ಆ ಕೆಲಸ ಸಾಮಾನ್ಯವಾಗಿ ನಮ್ಮ ಮೇಜಿನ ಮೇಲೆಯೇ ನಡೆಯಬೇಕಾಗುತ್ತದೆ. 24 ಜಿಬಿ ವಿಡಿಯೊ ಮೆಮೊರಿಯ ಕಾರ್ಡಿನಲ್ಲಿ ಬೆಣ್ಣೆಯಂತೆ ಸಾಗುವ ಆಟ 4 ಜಿಬಿಯ ಕಾರ್ಡಿನಲ್ಲಿ ಹೆಜ್ಜೆಹೆಜ್ಜೆಗೂ ಮುಗ್ಗರಿಸಬಹುದು. 2015ರ ಜೂನ್ 23ರಂದು ಬಿಡುಗಡೆಯಾದ 'ಬ್ಯಾಟ್‌ಮನ್: ಅರ್ಕಮ್ ನೈಟ್' ಆಟದ ಕಂಪ್ಯೂಟರ್ ಆವೃತ್ತಿಯನ್ನು ಒಂದೆರಡು ದಿನಗಳಲ್ಲೇ ಮಾರಾಟದಿಂದ ತೆಗೆಯಬೇಕಾಯಿತು, ಅದು ಮರಳಿ ಬಂದದ್ದು ಅಕ್ಟೋಬರ್ ಕೊನೆಯಲ್ಲಿ. ಕನ್ಸೋಲಿನಲ್ಲಿ ಅದೇ ಆಟವನ್ನು ಜನ ಕೊಂಡಾಡುತ್ತಿದ್ದರು. ಆಟ ಒಂದೇ ಆದರೂ ಆಡಿದವರ ಅನುಭವ ಒಂದೇ ಆಗಿರಲಿಲ್ಲ.

ವಿಮರ್ಶಕರಿಗೂ ಕಷ್ಟಗಳಿವೆ, ಬಿಡುಗಡೆಗೆ ನಾಲ್ಕು ದಿನ ಮೊದಲು ಆಟ ಕೈಗೆ ಸಿಗುತ್ತದೆ, ಹತ್ತು ಯಂತ್ರ ಕೊಂಡು ಪರೀಕ್ಷಿಸಲು ಯಾರಿಂದಾದೀತು, ಹೇಗೂ ದೋಷ ತಿದ್ದುವ ಪ್ಯಾಚ್ ಬರುತ್ತದಲ್ಲ ಎಂದು ಗೆಳೆಯರೊಬ್ಬರು ಹೇಳಿದರು. ಹತ್ತು ಯಂತ್ರ ಕೊಳ್ಳಿ ಎಂದು ಯಾರೂ ಕೇಳುತ್ತಿಲ್ಲ. ಇರುವ ಒಂದು ಯಂತ್ರದ ಹೆಸರು ಹೇಳಲು ಹತ್ತು ಸೆಕೆಂಡು ಸಾಕು. ಪ್ಯಾಚ್ ಬರುವ ಹೊತ್ತಿಗೆ ಹುಡುಗನ ಹಣ ಹೋಗಿಯಾಗಿರುತ್ತದೆ.

ಇನ್ನು ಆ ಇಂಡೀ ಆಟದ ಮಾತು. ಆಟದ ಯೋಗ್ಯತೆಯನ್ನು ತಾಸುಗಳಲ್ಲಿ ಅಳೆಯುವ ಈ ಪದ್ಧತಿಯನ್ನು ನಾನು ಒಪ್ಪಲಾರೆ. 2023ರ 'ವೆಂಬಾ' ನನಗೆ ಒಂದೂವರೆ ತಾಸಿನಲ್ಲಿ ಮುಗಿಯಿತು. ಕೆನಡಾಕ್ಕೆ ವಲಸೆ ಹೋದ ತಮಿಳು ಮಹಿಳೆಯೊಬ್ಬಳು ತಾಯಿ ಕೊಟ್ಟ, ಹರಿದು ಅಕ್ಷರ ಅಳಿಸಿಹೋದ ಅಡುಗೆ ಪುಸ್ತಕವನ್ನು ಹಿಡಿದು ಇಡ್ಲಿ, ಪುಟ್ಟು ಮಾಡುತ್ತಾಳೆ. ಬಿಟ್ಟುಹೋದ ಸಾಲುಗಳನ್ನು ಊಹಿಸಿ ಅಡುಗೆ ಪೂರೈಸುವುದು ನಮ್ಮ ಕೆಲಸ. ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ ಎಂದು ಬೆಳೆಯುತ್ತಿರುವ ನಮ್ಮ ಮಕ್ಕಳನ್ನು ನೋಡುತ್ತಿರುವ ನನಗೆ, ಆಕೆಯ ಮಗ ತಮಿಳು ಬಿಟ್ಟು ಇಂಗ್ಲಿಷಿನಲ್ಲಿ ಉತ್ತರಿಸುವ ಕಡೆ ಗಂಟಲು ಕಟ್ಟಿತು. ಮುಂದೆ ಆ ಆಟಕ್ಕೆ ಮೊದಲ ಕೃತಿಗೆಂದು ಮೀಸಲಾದ, ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿಯೂ ಬಂತು. ಆಟಗಳನ್ನು ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಎರಡು ತಾಸಿಗಿಂತ ಕಡಿಮೆ ಆಡಿದ ಆಟವನ್ನು 14 ದಿನಗಳೊಳಗೆ ಹಿಂದಿರುಗಿಸಬಹುದು. ನಿಯಮ ಒಳ್ಳೆಯದೇ, ಆದರೆ ಪೂರ್ತಿ ಆಡಿ ಸುಖಪಟ್ಟವನೂ ಹಣ ವಾಪಸು ಕೇಳಬಹುದಾದ ಸಣ್ಣ ಆಟವನ್ನು ವಿಮರ್ಶಕರೂ ದಂಡವೆಂದು ಜರಿದರೆ ಅದನ್ನು ಮಾಡಿದವರು ಬದುಕುವುದು ಹೇಗೆ?

ಈ ತಪ್ಪನ್ನು ನಾನೂ ಮಾಡಿದ್ದೇನೆ. ನಮ್ಮ ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಮಾಡಿದ 'ರಾಜಿ' ಎಂಬ ಆಟ 2020ರ ಆಗಸ್ಟ್‌ನಲ್ಲಿ ನಿಂಟೆಂಡೊದ ಸ್ವಿಚ್ ಕನ್ಸೋಲಿನಲ್ಲಿ ಬಂದು, ಅಕ್ಟೋಬರ್‌ನಲ್ಲಿ ಕಂಪ್ಯೂಟರಿಗೆ ಬಂತು. ಅದು ಇಂಡೀಯೂ ಹೌದು, ಕನ್ಸೋಲಿನ ನಂತರ ಕಂಪ್ಯೂಟರಿಗೆ ಬಂದದ್ದೂ ಹೌದು. ಒಂದೇ ತಾಸು ಆಡಿ, ಕಾದಾಟ ಬಿಗಿಯಾಗಿಲ್ಲವೆಂದು ಇಲ್ಲಿಯೇ ನಾನು ಬರೆದದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಕಾದಾಟದ ಬಗ್ಗೆ ನನ್ನ ಅಭಿಪ್ರಾಯ ಇಂದಿಗೂ ಅದೇ. ಕೊನೆಯೂ ಥಟ್ಟನೆ ಬಂದುಬಿಡುತ್ತದೆ. ಆದರೆ ಆಮೇಲೆ ಪೂರ್ತಿ ಆಡಿದಾಗ, ದುರ್ಗೆ ಮತ್ತು ವಿಷ್ಣು ಕಥೆ ಹೇಳುತ್ತ ಹೋಗುವ ಬಗೆ, ಗೋಡೆಚಿತ್ರಗಳ ಮುಂದೆ ನಿಂತು ಕೇಳಿದ ಪುರಾಣಗಳು, ರಾಜಸ್ಥಾನದ ಕೋಟೆಗಳನ್ನು ನೆನಪಿಸುವ ಆ ಮೆಟ್ಟಿಲುಗಳು, ಇವೆಲ್ಲ ನನ್ನ ಬರಹದಿಂದ ಬಿಟ್ಟುಹೋಗಿದ್ದವೆಂದು ತಿಳಿಯಿತು. ನನ್ನ ಮಾತು ಕೇಳಿ ಯಾರಾದರೂ ಅದನ್ನು ಕೊಳ್ಳದೆ ಬಿಟ್ಟಿದ್ದರೆ ಅವರ ಕ್ಷಮೆ ಕೇಳುತ್ತೇನೆ.

ಅಣ್ಣನ ಮಗ ಮೊನ್ನೆ ಆ ಪೋರ್ಟ್‌ಗೆ ತಾನೇ ಒಂದು ವಿಮರ್ಶೆ ಬರೆದು, ಹಾಕುವ ಮುನ್ನ ನನಗೆ ಕಳುಹಿಸಿದ್ದ. ಐದೇ ಸಾಲು. ಮೊದಲ ಸಾಲಿನಲ್ಲಿ ಕಾರ್ಡು, ರ್‍ಯಾಮ್, ಡ್ರೈವರಿನ ಸಂಖ್ಯೆ. ಎರಡನೆಯದರಲ್ಲಿ ಶೇಡರ್‌ಗೆ ಹಿಡಿದ ನಿಮಿಷಗಳು. ತಿದ್ದಲು ನನಗೆ ಏನೂ ಸಿಗಲಿಲ್ಲ.