ನಿಮ್ಮ ದರ ಮಾಲಕರಿಗೆ ಮುಟ್ಟಿದೆಯೇ?

ಬಾಗಲಕೋಟೆಯಲ್ಲಿ ಹಳೆ ಮನೆ ಕೊಳ್ಳಲು ಓಡಾಡುತ್ತಿರುವವರಿಗೆ ಒಂದು ಮಾತು. ಏಜೆಂಟರ ಮುಂದೆ ನೀವು ಹೇಳಿದ ದರ ಮಾಲಕರ ಕಿವಿಗೆ ಬಿದ್ದಿದೆ ಅಂತ ಖಾತ್ರಿ ಆಗುವವರೆಗೆ ಒಂದು ರೂಪಾಯಿ ಕೂಡ ಏರಿಸಬೇಡಿ. ಸುಮ್ನೆ ಹೇಳುತ್ತಿಲ್ಲ. ನವನಗರದಲ್ಲಿ ನಮ್ಮ ಅಕ್ಕನಿಗೆ ಮನೆ ನೋಡುವಾಗ ಕಣ್ಣಾರೆ ಕಂಡದ್ದು ಇದು.

ಮೂವತ್ತು-ನಲವತ್ತರ ಸೈಟು, ಎರಡು ರೂಮಿನ ಮನೆ, ಮುಂದೆ ಬೇವಿನ ಗಿಡ. ಏಜೆಂಟ್ 58 ಲಕ್ಷ ಅಂದ. ಅಕ್ಕ 52 ಅಂದಳು. ಅವನು ಫೋನ್ ಹಿಡಿದು ಗೇಟಿನ ಆಚೆ ಹೋದ, ಬೇಗನೆ ವಾಪಸ್ ಬಂದ. “ಅಕ್ಕಾರ, ಮಾಲಕರು 57ಕ್ಕಿಂತ ಕೆಳಗ ಇಳಿಯಂಗಿಲ್ರಿ. ಜಮಖಂಡಿ ಪಾರ್ಟಿ ಬಂದು ನೋಡಿ ಹೋಗ್ಯಾರ. ಇವತ್ತ ಸಂಜಿಕ ಸಂಚಕಾರ ಕೊಡ್ತೀವಿ ಅನ್ನಾಕತ್ತಾರ.”

ಇಲ್ಲೇ ಬಹಳ ಜನ ಗಾಬರಿಯಾಗುತ್ತಾರೆ. ಮನೆ ಮನಸ್ಸಿಗೆ ಬಂದಿರುತ್ತದೆ, ಕೈ ತಪ್ಪಿ ಹೋದರೆ ಹೇಗೆ ಅಂತ ಅಲ್ಲೇ ನಿಂತು 55 ಅಂದುಬಿಡುತ್ತಾರೆ. ನಮ್ಮ ಅಕ್ಕ ಅನ್ನಲಿಲ್ಲ. “ಮಾಲಕರ ಮನಿಗೆ ಕರ್ಕೊಂಡು ಹೋಗ್ರಿ, ಅವರ ಮುಂದ ಮಾತಾಡೋಣ” ಅಂದಳು. ಮಾಲಕರು ಊರಲ್ಲಿಲ್ಲ ಅಂದ, ಆರಾಮಿಲ್ಲ ಅಂದ, ದರ ಅಂತಿಮ ಆಗದೆ ಅವರು ಯಾರನ್ನೂ ಭೇಟಿ ಆಗೋದಿಲ್ಲ ಅಂದ. ಅಕ್ಕ ಹಿಡಿದ ಪಟ್ಟು ಬಿಡಲಿಲ್ಲ. ಕೊನೆಗೆ ಮಾಲಕರ ಮನೆಗೆ ಕರೆದುಕೊಂಡು ಹೋದ.

ಮಾಲಕರು ನಿವೃತ್ತ ಮಾಸ್ತರರು. ಚಹಾ ಕೊಟ್ಟು ಅವರೇ ಮಾತು ತೆಗೆದರು. “ನೀವು 48ರ ಮ್ಯಾಲೆ ಒಂದು ರೂಪಾಯಿ ಏರಂಗಿಲ್ಲ ಅಂದ್ರಂತಲ್ರಿ?” ಅಕ್ಕ ನನ್ನ ಮುಖ ನೋಡಿದಳು. ಏಜೆಂಟ್ ಫೋನಿನಲ್ಲಿ ಏನೋ ಹುಡುಕತೊಡಗಿದ. ಮಾಸ್ತರರು 53 ಬಂದರೆ ಸಾಕು ಅಂತ ಅವನಿಗೆ ಮೊದಲೇ ಹೇಳಿದ್ದರು. 57 ಅನ್ನೋದು ಅವರ ಬಾಯಿಂದ ಬಂದೇ ಇರಲಿಲ್ಲ.

ಇದು ನಡೆಯೋದು ಹೀಗೆ. ಏಜೆಂಟ್ ಮಾರುವವರಿಗೆ “ನಿಮಗ ಇಷ್ಟು ಕೈಗೆ ಬಂದ್ರ ಸಾಕಲ್ರಿ, ಮ್ಯಾಲಿಂದು ನನಗ ಬಿಡ್ರಿ” ಅನ್ನುತ್ತಾನೆ. ಆಮೇಲೆ ಅವರನ್ನು ಕೆಳಕ್ಕೆ ಎಳೆಯುತ್ತಾನೆ, ಕೊಳ್ಳುವವರನ್ನು ಮೇಲಕ್ಕೆ ಎತ್ತುತ್ತಾನೆ. ನಡುವೆ ಉಳಿದದ್ದು ಅವನದು. ಇದರ ಮೇಲೆ ಎರಡೂ ಕಡೆಯಿಂದ ಶೇಕಡಾ ಲೆಕ್ಕದ ಕಮಿಷನ್ ಬೇರೆ. ಇವರು 48ಕ್ಕೆ ಇಳಿದು ನಾವು 57ಕ್ಕೆ ಏರಿದ್ದರೆ 9 ಲಕ್ಷ! ಮಾಸ್ತರರ ಪಿಂಚಣಿ ಕಾಲದ ದುಡ್ಡು, ಅಕ್ಕನ ಇಪ್ಪತ್ತು ವರ್ಷದ ಸಾಲದ ಕಂತು ಅದು. ನನಗೆ ಸಿಟ್ಟು ಬಂದದ್ದು ಇದಕ್ಕೇ.

ರಿಯಲ್ ಎಸ್ಟೇಟ್ ವ್ಯವಹಾರಕ್ಕೆ ರೇರಾ ಕಾನೂನು ಇದೆಯಲ್ಲ ಅಂತ ನೀವು ಕೇಳಬಹುದು. 2016ರ ಆ ಕಾನೂನಿನಲ್ಲಿ ಏಜೆಂಟರು ನೋಂದಣಿ ಮಾಡಿಸಬೇಕು, ನಿಜ. ಆದರೆ ಅದು ರೇರಾದಲ್ಲಿ ನೋಂದಣಿಯಾದ ಬಡಾವಣೆ, ಅಪಾರ್ಟ್‌ಮೆಂಟುಗಳ ವ್ಯವಹಾರಕ್ಕೆ. ಮಾಸ್ತರರ ಮನೆಯಂಥ ಹಳೆ ಮನೆ ಅದರಡಿ ಬರೋದಿಲ್ಲ. ಹಾಗಾಗಿ ನಮ್ಮ ಕಾಳಜಿ ನಾವೇ ಮಾಡಬೇಕು.

ಏಜೆಂಟರೇ ಬೇಡ ಅಂತ ನಾನು ಹೇಳೋದಿಲ್ಲ. ಮನೆ ಹುಡುಕೋದು, ಉತಾರ ತೆಗೆಸೋದು, ಕಚೇರಿಗಳಿಗೆ ಓಡಾಡೋದು, ಎಲ್ಲ ಕೆಲಸವೇ. ಆ ಕೆಲಸಕ್ಕೆ ದುಡ್ಡು ಕೊಡಲೇಬೇಕು. ನನ್ನ ತಕರಾರು ಶೇಕಡಾ ಲೆಕ್ಕದ ಮೇಲೆ. ದರ ಏರಿದಷ್ಟೂ ಅವರ ಕಮಿಷನ್ ಏರುತ್ತದೆ ಅಂದರೆ ನಿಮ್ಮ ಪರವಾಗಿ ಅವರು ಯಾಕೆ ಚೌಕಾಸಿ ಮಾಡುತ್ತಾರೆ? ಮನೆ ತೋರಿಸುವ ಮೊದಲೇ ಇಷ್ಟು ರೂಪಾಯಿ ಅಂತ ಗುತ್ತಾ ಮಾಡಿ, ಖರೀದಿ ಪತ್ರ ನೋಂದಣಿಯಾದ ದಿನ ಕೊಡ್ತೀವಿ ಅಂತ ಹೇಳಿಬಿಡಿ. ನಿಮ್ಮ ಕೊನೆಯ ದರ ಎಷ್ಟು ಅಂತ ಮಾತ್ರ ಅವರಿಗೆ ಬಾಯಿ ಬಿಡಬೇಡಿ. ಎಷ್ಟೇ ಆತ್ಮೀಯರಾಗಿರಲಿ.

ದರ ಹೇಳೋದು ಕಾಗದದ ಮೇಲೆ ಇರಲಿ. ನಾವು ಮಾಡಿದ್ದು ಹಾಗೆ. ಒಂದು ಹಾಳೆಯಲ್ಲಿ ದರ, ಸಂಚಕಾರ ಎಷ್ಟು, ಖರೀದಿಗೆ ಎಷ್ಟು ತಿಂಗಳ ಗಡುವು, ಬ್ಯಾಂಕ್ ಸಾಲ ಮಂಜೂರಾಗದಿದ್ದರೆ ಅಥವಾ ಕಾಗದದಲ್ಲಿ ತೊಡಕು ಬಂದರೆ ಸಂಚಕಾರ ಪೂರ್ತಿ ವಾಪಸ್ ಅನ್ನೋ ಮಾತು. ಎರಡು ಪ್ರತಿ ಮಾಡಿ ಒಂದನ್ನು ಮಾಸ್ತರರ ಕೈಗೇ ಕೊಟ್ಟೆವು. ಸಾಲದ ಮಾತು ಬಹಳ ಮುಖ್ಯ. 30 ಲಕ್ಷ ದಾಟಿ 75 ಲಕ್ಷದವರೆಗಿನ ಗೃಹ ಸಾಲಕ್ಕೆ ಬ್ಯಾಂಕು ಮನೆ ಬೆಲೆಯ ಶೇ. 80ರ ತನಕ ಮಾತ್ರ ಕೊಡಬಹುದು. ಅದೂ ಬ್ಯಾಂಕಿನವರು ಕಟ್ಟುವ ಬೆಲೆಗೆ. ಹಳೆ ಮನೆಗೆ ಆ ಬೆಲೆ ಕಡಿಮೆ ಬರೋದುಂಟು.

ಮೇಲಿನ ಖರ್ಚನ್ನೂ ಸೇರಿಸಿಕೊಂಡೇ ದರ ಹೇಳಿ. ನಗರದಲ್ಲಿ ಮುದ್ರಾಂಕ ಶುಲ್ಕ, ಸೆಸ್, ಸರ್ಚಾರ್ಜ್ ಸೇರಿ ನೂರಕ್ಕೆ 5.60. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರಿಂದ 2ಕ್ಕೆ ಏರಿದೆ. 53 ಲಕ್ಷದ ಮನೆಗೆ ಇದೇ 4 ಲಕ್ಷ ಆಯಿತು. ದರ 50 ಲಕ್ಷ ಮುಟ್ಟಿದರೆ ಮಾರುವವರಿಗೆ ಕೊಡುವ ದುಡ್ಡಿನಲ್ಲಿ ಶೇ. 1 ಟಿಡಿಎಸ್ ಹಿಡಿದು ಆದಾಯ ತೆರಿಗೆ ಇಲಾಖೆಗೆ ಕಟ್ಟಬೇಕು. ಇದನ್ನು ಮೊದಲೇ ಹೇಳಿ. ಕೊನೆಗೆ ಹೇಳಿದರೆ ಜಗಳ ಆಗುತ್ತದೆ.

“ಕಾಗದದ ಮ್ಯಾಲೆ 35 ತೋರಸೋಣ, ಉಳಿದದ್ದು ರೋಖ ಕೊಡ್ರಿ” ಅಂತ ಯಾರಾದರೂ ಅಂದರೆ ಅಲ್ಲಿಗೇ ಮಾತು ನಿಲ್ಲಿಸಿ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಮುಂಗಡ ರೋಖ ತಗೊಂಡರೆ ತಗೊಂಡವರಿಗೆ ಅಷ್ಟೇ ದಂಡ. 2015ರಿಂದ ಇರುವ ನಿಯಮ ಇದು. ವ್ಯವಹಾರ ಮುರಿದರೆ ರೋಖ ಕೊಟ್ಟದ್ದಕ್ಕೆ ನಿಮ್ಮ ಹತ್ತಿರ ಏನು ಪುರಾವೆ ಇರುತ್ತದೆ, ಹೇಳಿ?

ಕಾಗದ ನೋಡದೆ ದರಕ್ಕೇ ಇಳಿಯಬೇಡಿ. ನವನಗರದ ಬಹಳಷ್ಟು ಸೈಟು ಆಲಮಟ್ಟಿ ಹಿನ್ನೀರಿನಲ್ಲಿ ಮನೆ ಕಳೆದುಕೊಂಡ ನಮ್ಮ ಮುಳುಗಡೆ ಸಂತ್ರಸ್ತರಿಗೆ ಹಂಚಿದವು. ಮೊದಲು ಯಾರ ಹೆಸರಿಗೆ ಬಂತು, ಅಲ್ಲಿಂದ ಇಲ್ಲಿವರೆಗೆ ಕೈ ಬದಲಾದ ಕಾಗದ ಎಲ್ಲ ಇದೆಯೇ ಅಂತ ಬಿಟಿಡಿಎ (ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ) ಕಚೇರಿಯಲ್ಲಿ ವಿಚಾರಿಸಿ. ಆಸ್ತಿ ಮೇಲೆ ಸಾಲ-ಋಣ ಇದೆಯೇ ಅಂತ ತೋರಿಸುವ ಇಸಿಯನ್ನು (ಋಣಭಾರ ಪತ್ರ) ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲಿ ನೀವೇ ತೆಗೆಸಿ, ಏಜೆಂಟ್ ಕೊಟ್ಟ ಝೆರಾಕ್ಸ್ ಬೇಡ.

ಹಳೆ ಬಾಗಲಕೋಟೆಯಲ್ಲಿ ಅಗ್ಗಕ್ಕೆ ಸಿಗುತ್ತಿದೆ ಅನ್ನುವವರು ಇನ್ನೂ ಒಂದು ವಿಚಾರಿಸಬೇಕು. ಆಲಮಟ್ಟಿಯಲ್ಲಿ ಈಗ 519.60 ಮೀಟರ್‌ವರೆಗೆ ನೀರು ನಿಲ್ಲಿಸುತ್ತಾರೆ. 2010ರ ಕೃಷ್ಣಾ ನ್ಯಾಯಮಂಡಳಿ ತೀರ್ಪು 524.256 ಮೀಟರ್‌ವರೆಗೆ ಏರಿಸಲು ಒಪ್ಪಿದೆ. ನೀವು ನೋಡಿದ ಮನೆ ಆ ಮಟ್ಟದ ಒಳಗೆ ಬರುತ್ತದೆಯೇ? ಮನೆ ತೋರಿಸುವ ಯಾವ ಏಜೆಂಟನೂ ಇದನ್ನು ತಾನಾಗಿ ಹೇಳಿದ್ದು ನಾನು ಕೇಳಿಲ್ಲ.

ಮಾಸ್ತರರ ಮನೆಯ ಕಾಗದ ಕೈಗೆ ಬಂದಾಗ ಮನೆ ಅವರ ತೀರಿಹೋದ ಹೆಂಡತಿಯ ಹೆಸರಲ್ಲಿದೆ ಅಂತ ಗೊತ್ತಾಯಿತು. ಮೃತ್ಯುಪತ್ರ ಇರಲಿಲ್ಲ. ಅಂದರೆ ಗಂಡನಷ್ಟೇ ಹಕ್ಕು ಮಗನಿಗೂ ಮಗಳಿಗೂ ಇದೆ. ಮಗಳು ಸೊಲ್ಲಾಪುರದಲ್ಲಿ. “ಅವರದೇನೂ ತಕರಾರಿಲ್ಲ ಬಿಡ್ರಿ, ಸಹಿ ಆಮ್ಯಾಲೆ ಮಾಡ್ತಾರ” ಅಂದ ಏಜೆಂಟ್. ಕೊಟ್ಟ ಹೆಣ್ಣುಮಕ್ಕಳ ಸಹಿಯನ್ನು ಹೀಗೆ ಆಮೇಲೆ ಅಂತ ಬಿಟ್ಟು ಎಷ್ಟು ಮನೆ ಕೋರ್ಟಿಗೆ ಹೋಗಿಲ್ಲ! ಆಮೇಲೆ ಆಗೋದಿಲ್ಲ ಅಂದೆವು. ಆ ತಂಗಿ ಬಂದು ಕೂತು, ಎಲ್ಲ ಓದಿ ಸಹಿ ಮಾಡಿದ ಮೇಲೆಯೇ ಸಂಚಕಾರದ ಚೆಕ್ ಕೊಟ್ಟದ್ದು. ದರ 53ಕ್ಕೇ ಕುದುರಿತು. ಏಜೆಂಟನಿಗೆ ಗುತ್ತಾ ಮಾಡಿದ ದುಡ್ಡನ್ನು ಎರಡೂ ಮನೆಯವರು ಕೊಟ್ಟೆವು.

ಮನೆ ಮಾರುವವರಿಗೂ ಒಂದು ಕೋರಿಕೆ ಇದೆ. ಯಾರು ಎಷ್ಟಕ್ಕೆ ಕೇಳಿದರು ಅನ್ನೋದನ್ನು ಹೆಸರಿನ ಸಮೇತ ವಾಟ್ಸಾಪಿನಲ್ಲಿ ಕಳಿಸಬೇಕು ಅಂತ ಏಜೆಂಟರಿಗೆ ಮೊದಲ ದಿನವೇ ಹೇಳಿ. ಮಾಸ್ತರರು ತಮ್ಮ ತಮ್ಮನ ಮನೆ ಮಾರಾಟಕ್ಕೆ ಈಗ ಹಾಗೇ ಮಾಡಿಸುತ್ತಿದ್ದಾರೆ.