ಸ್ಪಷ್ಟನೆ: ಸಿಆರ್‌ಐ ಧ್ವನಿಮುದ್ರಣಗಳು ನಾಶವಾಗಿಲ್ಲ
ಅಮೆರಿಕದ ‘ಕಂಪೋಸರ್ಸ್ ರೆಕಾರ್ಡಿಂಗ್ಸ್’ (ಸಿಆರ್‌ಐ) ಎಂಬ ಲಾಭರಹಿತ ಸಂಗೀತ ಧ್ವನಿಮುದ್ರಣ ಸಂಸ್ಥೆ 2003ರಲ್ಲಿ ಮುಚ್ಚಿದಾಗ ಅದರ ಧ್ವನಿಮುದ್ರಣಗಳೆಲ್ಲ ಶಾಶ್ವತವಾಗಿ ಕಳೆದುಹೋದವು ಎಂದು ಕಳೆದ ವಾರ ನಾನು ಬರೆದಿದ್ದೆ. ಅದು ತಪ್ಪು. ಆ ಸಾಲು ಈಗ ಹಲವು ಗುಂಪುಗಳಲ್ಲಿ ಓಡಾಡುತ್ತಿರುವುದನ್ನು ನೋಡಿ ಸಂಕಟವಾಗಿದೆ.

ಸಂಸ್ಥೆ ಮುಚ್ಚಿದ್ದು ನಿಜ. ಆದರೆ ಅದರ ಸಂಗ್ರಹ ‘ನ್ಯೂ ವರ್ಲ್ಡ್ ರೆಕಾರ್ಡ್ಸ್’ ಎಂಬ ಇನ್ನೊಂದು ಧ್ವನಿಮುದ್ರಣ ಸಂಸ್ಥೆಯ ಕೈಸೇರಿತು. ರಾಕ್‌ಫೆಲರ್ ಪ್ರತಿಷ್ಠಾನದ ಅನುದಾನದಿಂದ 1975ರಲ್ಲಿ ಹುಟ್ಟಿದ ಇದು ಕೂಡ ಲಾಭರಹಿತ ಸಂಸ್ಥೆಯೇ. ಸಿಆರ್‌ಐ ಆಲ್ಬಮ್‌ಗಳು ಇಂದಿಗೂ ಅದರ ಪಟ್ಟಿಯಲ್ಲಿವೆ. ಯಾರು ಬೇಕಾದರೂ ತೆರೆದು ನೋಡಬಹುದು, ನಾನು ಮೊದಲೇ ನೋಡಬೇಕಿತ್ತು. ಕೇಳುವವರು ಕಡಿಮೆ ಎಂಬ ಕಾರಣಕ್ಕೆ ಅವನ್ನು ಕೈಬಿಡಲಿಲ್ಲ ಎಂಬುದೇ ನನಗೆ ಇಲ್ಲಿ ಎಲ್ಲಕ್ಕಿಂತ ದೊಡ್ಡ ಸಂಗತಿ. 1954ರಲ್ಲಿ ಆಟೊ ಲ್ಯೂನಿಂಗ್, ಡಗ್ಲಸ್ ಮೂರ್, ಆಲಿವರ್ ಡೇನಿಯಲ್ ಸಿಆರ್‌ಐ ಕಟ್ಟಿದ್ದು, ದೊಡ್ಡ ಕಂಪನಿಗಳು ಮುಟ್ಟದ ಸಮಕಾಲೀನ ಸಂಗೀತ ಸಂಯೋಜಕರಿಗಾಗಿಯೇ.

‘ಲಾಭರಹಿತ ಎಂದರೆ ಉಚಿತ’ ಎಂದು ಕೆಲವರು ಸೇರಿಸಿದ್ದಾರೆ. ಅದೂ ಸರಿಯಲ್ಲ. ಆಲ್ಬಮ್‌ಗಳು ಮಾರಾಟವಾಗುತ್ತವೆ, ಉಳಿದ ಹಣವನ್ನು ಮಾಲೀಕರು ಹಂಚಿಕೊಳ್ಳುವುದಿಲ್ಲ, ಅಷ್ಟೆ.

ಹಳೆಯ ಸಂದೇಶವನ್ನು ದಯವಿಟ್ಟು ಇನ್ನು ಮುಂದೆ ಯಾರಿಗೂ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ ಅಲ್ಲಿಯೇ ಈ ತಿದ್ದುಪಡಿಯನ್ನೂ ಹಾಕಿ.